ಪದಚರ್ಚೆ: ‘ಹೈಬ್ರಿಡ್ ಗಿಟಾರ್’ ಅನ್ನು ಜೋಡುದನಿ ಎನ್ನಬಹುದೆ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಗಿಟಾರ್ ಕೊಳ್ಳುವವರಿಗೆಂದು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದ ಕಾಲಿಗೆ ತೊಡರಿದೆ. ಆಂಪ್ಲಿಫೈಯರಿನ ಮೂಲಕ ಬರುವ ಎಲೆಕ್ಟ್ರಿಕ್ ಗಿಟಾರಿನ ದನಿ, ಟೊಳ್ಳು ಮೈಯಿಂದಲೇ ಹೊಮ್ಮುವ ಅಕೌಸ್ಟಿಕ್ ಗಿಟಾರಿನ ದನಿ, ಇವೆರಡನ್ನೂ ಕೊಡುವ ಒಂದೇ ವಾದ್ಯಕ್ಕೆ ಇಂಗ್ಲಿಷಿನಲ್ಲಿ ‘ಹೈಬ್ರಿಡ್ ಗಿಟಾರ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ? ಹೈಬ್ರಿಡ್ ಅಂತಲೇ ಇರಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಹೆಸರುಗಳ ಗೊಂದಲದಿಂದ ಒಬ್ಬಳು ಕಷ್ಟಪಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನನ್ನ ಹತ್ತಿರ ಕಲಿಯುವ ಹುಡುಗಿ ಎರಡು ವರ್ಷ ದುಡ್ಡು ಕೂಡಿಟ್ಟು ‘ಎಲೆಕ್ಟ್ರೋ-ಅಕೌಸ್ಟಿಕ್’ ಗಿಟಾರ್ ಒಂದನ್ನು ತಂದಳು. ಹೆಸರಿನಲ್ಲೇ ಎರಡೂ ಇದೆಯಲ್ಲ, ಎರಡೂ ದನಿ ಬರುತ್ತೆ ಅಂದುಕೊಂಡಿದ್ದಳು. ಕೇಬಲ್ ಚುಚ್ಚಿ, ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ) ಹಾಕಿ, ಒಂದು ಸ್ವರ ಮೀಟಿದಳು. ಹೊರಬಂದ ದನಿ ಟೊಳ್ಳು ಮೈಗೆ ಮರಳಿ ಬಡಿದು ಆಂಪ್ಲಿಫೈಯರ್ ಊಳಿಡತೊಡಗಿತು. ಅಂಗೈಯಲ್ಲಿ ಆರೂ ತಂತಿಗಳನ್ನು ಅದುಮಿ ಹಿಡಿದು ನನ್ನ ಮುಖ ನೋಡಿದಳು. ವಾದ್ಯದಲ್ಲಿ ಐಬೇನೂ ಇರಲಿಲ್ಲ. ಅದು ಒಳ್ಳೆಯ ಅಕೌಸ್ಟಿಕ್ ಗಿಟಾರ್. ಆ ದನಿಯನ್ನೇ ದೊಡ್ಡದು ಮಾಡಲು ಒಳಗೊಂದು ಪಿಕಪ್, ಅಂದರೆ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ, ಕೂರಿಸಿದ್ದರು, ಅಷ್ಟೆ. ಆ ಹೆಸರಿನಲ್ಲಿದ್ದ ‘ಎಲೆಕ್ಟ್ರೋ’ಗೂ ಎಲೆಕ್ಟ್ರಿಕ್ ಗಿಟಾರಿನ ದನಿಗೂ ಸಂಬಂಧವೇ ಇರಲಿಲ್ಲ.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಮಾತು ‘ಸೆಮಿ-ಅಕೌಸ್ಟಿಕ್’. 1958ರಲ್ಲಿ ಬಂದ ಗಿಬ್ಸನ್ ಇಎಸ್-335 ಇದಕ್ಕೆ ಸರಿಯಾದ ಮಾದರಿ: ಅಂಚುಗಳಲ್ಲಿ ಟೊಳ್ಳು, ನಡುವೆ ಉದ್ದಕ್ಕೂ ಗಟ್ಟಿ ಮರದ ತುಂಡು. ಅದು ಮೂಲತಃ ಎಲೆಕ್ಟ್ರಿಕ್ ಗಿಟಾರೇ. ಆದರೆ ಪಿಕಪ್ ಕೂರಿಸಿದ ಸಾಮಾನ್ಯ ಅಕೌಸ್ಟಿಕ್ಕನ್ನೂ ಇದೇ ಹೆಸರಿನಲ್ಲಿ ಮಾರುವವರಿದ್ದಾರೆ. ನಿಜವಾದ ಹೈಬ್ರಿಡ್ ಇವೆರಡೂ ಅಲ್ಲ. 1993ರ ಪಾರ್ಕರ್ ಫ್ಲೈ, 2019ರ ಫೆಂಡರ್ ಅಕೌಸ್ಟಸೋನಿಕ್ ಆ ಗುಂಪಿನವು. ಅವುಗಳಲ್ಲಿ ಎರಡು ಬೇರೆ ಬೇರೆ ಬಗೆಯ ಪಿಕಪ್‌ಗಳು ಇರುತ್ತವೆ.

ಆ ಎರಡು ಬಗೆಗಳಿಗೆ ಹೆಸರು ಹುಡುಕುವಾಗ ಕನ್ನಡ ನನ್ನನ್ನು ಬೆರಗುಗೊಳಿಸಿತು. ಮೊದಲನೆಯದು ಮ್ಯಾಗ್ನೆಟಿಕ್: ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನೈಲಾನ್ ತಂತಿ ಹಾಕಿದರೆ ಇದು ಕಿವುಡು. ಇದಕ್ಕೆ ನಮ್ಮ ಹಳೆಯ ಪದ ‘ಸೂಜಿಗಲ್ಲು’ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಗಿಟಾರ್ ನೋಡಲು ಹೋದಾಗ ಒಂದು ಸೂಜಿಯನ್ನು ಪಿಕಪ್ ಹತ್ತಿರ ಹಿಡಿಯಿರಿ. ಎಳೆದುಕೊಂಡರೆ ಸೂಜಿಗಲ್ಲಿನ ಪಿಕಪ್. ಪರೀಕ್ಷೆ ಹೇಗೆ ಮಾಡಬೇಕೆಂಬುದು ಪದದೊಳಗೇ ಇದೆ.

ಎರಡನೆಯದು ಪೀಜೋ. ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳು ಅಥವಾ ಸೆರಾಮಿಕ್ ಪಟ್ಟಿ ಅದು. ಹರಳುಗಳ ಈ ಗುಣವನ್ನು ಕ್ಯೂರಿ ಸಹೋದರರು ಕಂಡುಕೊಂಡಿದ್ದು 1880ರಲ್ಲಿ. ಗ್ರೀಕ್ ಮೂಲದಲ್ಲೂ ಆ ಪದಕ್ಕೆ ‘ಒತ್ತು’ ಎಂದೇ ಅರ್ಥ. ಹಾಗಾಗಿ ‘ಒತ್ತು ಪಿಕಪ್’ ಅನ್ನೋಣವೆ? ಅದು ಕೂರುವ ಜಾಗ ಸ್ಯಾಡಲ್‌ನ ಅಡಿ, ಅಂದರೆ ಬ್ರಿಡ್ಜ್ ಮೇಲೆ ತಂತಿಗಳು ಹಾದುಹೋಗುವ ಬಿಳಿಯ ಪಟ್ಟಿಯ ಕೆಳಗೆ. ಇಂಗ್ಲಿಷಿನಲ್ಲಿ ಸೇತುವೆಯ ಮೇಲೆ ಜೀನು ಕೂತಿದೆ, ಎರಡಕ್ಕೂ ಹೊಂದಿಕೆಯೇ ಇಲ್ಲ. ನಾವಾದರೋ ವೀಣೆ ತಂಬೂರಿಗಳ ಬ್ರಿಡ್ಜನ್ನು ‘ಕುದುರೆ’ ಅನ್ನುತ್ತೇವೆ. ಕುದುರೆಯ ಮೇಲೆ ಜೀನು! ಇದು ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಪಾಠ ನಿಲ್ಲಿಸಿ ಮಕ್ಕಳಿಗೆಲ್ಲ ತೋರಿಸಿದೆ. ಕೇಬಲ್ ಚುಚ್ಚಿ ಕುದುರೆಯನ್ನು ಉಗುರಿನಿಂದ ತಟ್ಟಿದಾಗ ಆಂಪ್ಲಿಫೈಯರಿನಲ್ಲಿ ‘ಟಕ್’ ಎಂದು ಜೋರಾಗಿ ಕೇಳಿಸಿದರೆ ಒತ್ತು ಪಿಕಪ್ ಇದೆ ಎಂದರ್ಥ.

ಇನ್ನು ಮುಖ್ಯ ಪದಕ್ಕೆ ಬರುತ್ತೇನೆ. ‘ಹೈಬ್ರಿಡ್’ಗೆ ಲ್ಯಾಟಿನ್ನಿನಲ್ಲಿ ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ ಎಂಬ ಅರ್ಥವಿತ್ತು. ನಿಘಂಟು ತೆರೆದರೆ ಸಿಗುವುದು ಸಂಕರ, ಮಿಶ್ರತಳಿ, ಬೆರಕೆ. ‘ಸಂಕರ’ ಅಂದ ಕೂಡಲೇ ವರ್ಣಸಂಕರದ ವಾಸನೆ ಬರುತ್ತದೆ, ನನಗೆ ಅದು ಬೇಡವೇ ಬೇಡ. ಗಿಟಾರಿಗೆ ತಳಿಯೆಲ್ಲಿಯದು? ‘ಬೆರಕೆ’ಯಲ್ಲಿ ಕಲಬೆರಕೆಯ ಅನುಮಾನ ಅಂಟಿಕೊಂಡಿದೆ, ಬೆರಕೆ ಗಿಟಾರ್ ಅಂದರೆ ಯಾರೂ ಮುಟ್ಟಲಾರರು. ಇಬ್ಬಗೆ, ಇಕ್ಕೆಲಗಳ ಜಾಡು ಹಿಡಿದು ‘ಇದ್ದನಿ’ ಎಂದು ಕಟ್ಟಿ ನೋಡಿದೆ. ಓದುವವರ ಕಣ್ಣು ‘ಇದ್ದ’ದ ಹತ್ತಿರವೇ ನಿಂತುಬಿಡುತ್ತದೆ. ‘ಉಭಯಧ್ವನಿ’ ತಪ್ಪಿಲ್ಲ, ಆದರೆ ಮೀಟುವ ಕೈಯಿಗೆ ಹತ್ತಿರವಾಗಲಿಲ್ಲ.

ಕೊನೆಗೆ ಉಳಿದದ್ದು ‘ಜೋಡುದನಿ’. ಇಂಥ ಗಿಟಾರುಗಳಲ್ಲಿ ಸಾಮಾನ್ಯವಾಗಿ ಸೂಜಿಗಲ್ಲಿನ ದನಿ ಮಾತ್ರ, ಒತ್ತಿನ ದನಿ ಮಾತ್ರ, ಎರಡೂ ಒಟ್ಟಿಗೆ, ಹೀಗೆ ಮೂರು ರೀತಿ ನುಡಿಸಬಹುದು. ಆ ಕೊನೆಯದೇ ಇದರ ಸೊಗಸು, ಅದಕ್ಕೆ ‘ಜೋಡು’ ಒಪ್ಪುತ್ತದೆ. ಒಂದು ಅಳುಕಿದೆ: ಹನ್ನೆರಡು ತಂತಿಯ ಗಿಟಾರಿನಲ್ಲಿ ತಂತಿಗಳು ಆರು ಜೋಡಿಯಾಗಿ ಕೂತಿರುತ್ತವೆ. ‘ಜೋಡು’ ಅಂದಾಗ ಯಾರಿಗಾದರೂ ಅದು ನೆನಪಾದರೆ ಮತ್ತೆ ಗೊಂದಲವಲ್ಲವೆ?

‘ಅಕೌಸ್ಟಿಕ್’ ಬಗ್ಗೆಯೂ ಒಂದು ಮಾತು. ಈ ವಿಶೇಷಣ ಗಿಟಾರಿಗೆ ಆಮೇಲೆ ಅಂಟಿಕೊಂಡದ್ದು. 1930ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ಬರುವ ಮುನ್ನ ಗಿಟಾರ್ ಅಂದರೆ ಸಾಕಿತ್ತು. ಮೊಬೈಲ್ ಬಂದ ಮೇಲೆ ಮನೆಯ ಫೋನು ‘ಲ್ಯಾಂಡ್‌ಲೈನ್’ ಆದ ಹಾಗೆ, ಹೈಬ್ರಿಡ್ ಹಸು ಬಂದ ಮೇಲೆ ಇದ್ದ ಹಸು ‘ನಾಟಿ’ಯಾದ ಹಾಗೆ. ಮೂಲ ಅರ್ಥ ‘ಕೇಳಿಸುವುದಕ್ಕೆ ಸಂಬಂಧಿಸಿದ್ದು’ ಎಂದು ‘ಶ್ರವಣ ಗಿಟಾರ್’ ಅಂದರೆ ಅಸಂಬದ್ಧ. ಕೇಳಿಸದ ಗಿಟಾರ್ ಯಾವುದು? ಇದನ್ನು ಅಕೌಸ್ಟಿಕ್ ಅಂತಲೇ ಇಟ್ಟುಕೊಳ್ಳುವುದು ವಾಸಿ. ಎಲೆಕ್ಟ್ರೋ-ಅಕೌಸ್ಟಿಕ್ಕನ್ನು ‘ಪಿಕಪ್ ಕೂರಿಸಿದ ಅಕೌಸ್ಟಿಕ್’ ಎಂದೇ ಬಿಡಿಸಿ ಬರೆಯುತ್ತೇನೆ. ಇಎಸ್-335ರಂಥವು ‘ಅರೆಟೊಳ್ಳು’. ಬೈಗುಳದಂತೆ ಕೇಳಿದರೂ ಗಿಟಾರಿನಲ್ಲಿ ಟೊಳ್ಳೇ ನಾದದ ಮನೆ. ಆ ಪದಕ್ಕೆ ಇಲ್ಲಾದರೂ ಒಂದು ಒಳ್ಳೆಯ ಅರ್ಥ ದಕ್ಕಲಿ.

ಇನ್ನೆರಡು ಸಣ್ಣ ಪದಗಳು. ‘ಅಫೋರ್ಡಬಲ್’ ಅನ್ನು ‘ಅಗ್ಗದ’ ಎಂದು ಬರೆಯಲಾರೆ, ‘ಕೈಗೆಟುಕುವ’ ಎಂದೇ ಬರೆಯುತ್ತೇನೆ. ಎಟುಕುವ ದಾರಿಗಳೂ ಇವೆ: ಇರುವ ಅಕೌಸ್ಟಿಕ್ಕಿನ ನಾದರಂಧ್ರಕ್ಕೆ ಸೂಜಿಗಲ್ಲಿನ ಪಿಕಪ್ ಒಂದನ್ನು ಸಿಕ್ಕಿಸಬಹುದು, ಇಲ್ಲವೆ ಎಲೆಕ್ಟ್ರಿಕ್ಕಿನ ಕುದುರೆಗೆ ಒತ್ತು ಪಿಕಪ್ ಇರುವ ಜೀನು ಹಾಕಿಸಬಹುದು. ಮೊದಲ ದಾರಿ ಹಿಡಿದವರು ಕಂಚು ಸುತ್ತಿದ ತಂತಿ ಬಿಟ್ಟು ನಿಕಲ್ ಸುತ್ತಿದ ತಂತಿ ಹಾಕಿ ನೋಡಬೇಕು. ಸೂಜಿಗಲ್ಲು ಕಂಚನ್ನು ಗುರುತಿಸದು, ದಪ್ಪ ತಂತಿಗಳ ದನಿ ಸಣ್ಣದಾಗುತ್ತದೆ. ಟೊಳ್ಳು ಮೈ ಹಾಗೇ ಇರುವುದರಿಂದ ಊಳಿಡುವ ಕಾಟ ಪೂರ್ತಿ ಹೋಗುವುದಿಲ್ಲ, ಅದನ್ನೂ ಕೈಪಿಡಿಯಲ್ಲಿ ಹೇಳಲೇಬೇಕು. ‘ವರ್ಸಟೈಲ್’ಗೆ ‘ಬಹುಮುಖಿ’ ಸಪ್ಪೆ ಅನ್ನಿಸಿತು. ‘ಎಲ್ಲಕ್ಕೂ ಒದಗುವ’ ಅಂದರೆ ವಾದ್ಯಕ್ಕೆ ಜೀವ ಬರುತ್ತದೆ. ಎರಡು ಕೈಯಲ್ಲೂ ಬಾಣ ಬಿಡುವ ‘ಸವ್ಯಸಾಚಿ’ಯೂ ಮನಸ್ಸಿಗೆ ಬಂದಿದ್ದ, ಕೈಪಿಡಿಗೆ ಅದು ತುಸು ಭಾರ.

ಈಗ ನನ್ನ ವಾಕ್ಯ ಹೀಗಿದೆ: “ಸೂಜಿಗಲ್ಲಿನ ಪಿಕಪ್ ಮತ್ತು ಒತ್ತು ಪಿಕಪ್ ಎರಡೂ ಇದ್ದರೆ ಮಾತ್ರ ಅದು ಜೋಡುದನಿ ಗಿಟಾರ್.” ಇದನ್ನು ಗಿಟಾರ್ ಮುಟ್ಟದವರು ಓದಿದರೆ ಅರ್ಥವಾಗುತ್ತದೆಯೆ? ಹನ್ನೆರಡು ತಂತಿಯ ಗೊಂದಲಕ್ಕೆ ಪರಿಹಾರ ಹೊಳೆದರೆ ತಿಳಿಸಿ. ವೀಣೆ, ಪಿಟೀಲು ನುಡಿಸುವವರು ಪಿಕಪ್‌ಗೆ ಬೇರೆ ಪದವನ್ನೇನಾದರೂ ಬಳಸುತ್ತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.