‘ಜಾಗತಿಕ ತಾಪಮಾನ’ ಸರಿಯೇ? ಝಳ, ಕಾವು, ಧಗೆಗಳನ್ನು ಪಾಠಕ್ಕೆ ತರಬಹುದೇ?

ಬಲ್ಲವರಿಗೆಲ್ಲ ನಮಸ್ಕಾರ.

ರಾಯಚೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಭೂಮಿಯ ಮೇಲೆ ಶಾಖ ಹೇಗೆ ಹರಿದಾಡುತ್ತದೆ, ಭೂಮಿ ಏಕೆ ಬಿಸಿಯಾಗುತ್ತಿದೆ ಎಂಬುದನ್ನು ಮಕ್ಕಳಿಗೂ ಅವರ ಮನೆಯವರಿಗೂ ತಿಳಿಯುವಂತೆ ಒಂದು ಕಿರುಹೊತ್ತಗೆಯಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಜಾಗತಿಕ ತಾಪಮಾನ’. ‘ಜಾಗತಿಕ ತಾಪಮಾನದಿಂದ ಹಿಮನದಿಗಳು ಕರಗುತ್ತಿವೆ’ ಎಂಬಂಥ ವಾಕ್ಯಗಳನ್ನು ಎಲ್ಲೆಡೆ ಓದುತ್ತೇವೆ. ತಾಪಮಾನ ಎಂದರೆ ತಾಪದ ಅಳತೆ. ಭೂಮಿಯ ಮೇಲ್ಮೈಯ ಸರಾಸರಿ ತಾಪಮಾನ ಸುಮಾರು 15 ಡಿಗ್ರಿ ಸೆಲ್ಸಿಯಸ್. ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ವಾತಾವರಣದಲ್ಲಿ ಇಲ್ಲದೇ ಹೋಗಿದ್ದರೆ ಅದು ಸೊನ್ನೆಗಿಂತ 18 ಡಿಗ್ರಿಯಷ್ಟು ಕೆಳಗಿರುತ್ತಿತ್ತು. ಹಾಗಿರುವಾಗ ‘ಜಾಗತಿಕ ತಾಪಮಾನ’ವನ್ನೇ ಪಿಡುಗಿನ ಹೆಸರಾಗಿ ಬಳಸಿದರೆ ಅರ್ಥ ಕೆಡುವುದಿಲ್ಲವೇ? 1850–1900ರ ಸರಾಸರಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಅದು ಸುಮಾರು 1.1 ಡಿಗ್ರಿ ಏರಿದೆ. ಆತಂಕವಿರುವುದು ಆ ಏರಿಕೆಯಲ್ಲಿ. ಜಾಗ ಉಳಿಸಲು ಎಲ್ಲರೂ ಕೈಬಿಡುವುದು ‘ಏರಿಕೆ’ ಎಂಬ ಆ ಪದವನ್ನೇ.

‘ಭೂತಾಪ’ ಎಂದರೆ ನೆಲದೊಳಗಿನ ಶಾಖ ಎಂದು ತಿಳಿಯುವವರಿದ್ದಾರೆ. ‘ಭೂಮಿ ಕಾಯುತ್ತಿದೆ’ ಎಂದು ಅಚ್ಚಗನ್ನಡದಲ್ಲಿ ಬರೆದೆ. ಮುಂಗಾರಿಗಾಗಿ ಕಣ್ಣುನೆಟ್ಟು ಕೂತಿರುವ ನಮ್ಮ ಸೀಮೆಯಲ್ಲಿ ಅದನ್ನು ‘ಮಳೆಗಾಗಿ ಕಾಯುತ್ತಿದೆ’ ಎಂದೇ ಓದಿದರು. ಸದ್ಯಕ್ಕೆ ‘ಭೂಮಿಯ ಬಿಸಿಯೇರಿಕೆ’ ಎಂದು ಇಟ್ಟುಕೊಂಡಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ‘ಝಳ’ದ ಬಗ್ಗೆ. ಶಾಖ ಸಾಗುವ ಮೂರು ಬಗೆಗಳನ್ನು ಪಠ್ಯದಲ್ಲಿ ವಹನ, ಸಂವಹನ, ವಿಕಿರಣ ಎಂದು ಕಲಿಸುತ್ತೇವೆ. ಇವುಗಳಲ್ಲಿ ‘ವಿಕಿರಣ’ ಎಂದೊಡನೆ ಮಕ್ಕಳಿಗೂ ಹಿರಿಯರಿಗೂ ಮೊಬೈಲ್ ಗೋಪುರವೋ ಆಸ್ಪತ್ರೆಯ ಎಕ್ಸ್‌ರೇ ಕೋಣೆಯೋ ನೆನಪಾಗುತ್ತದೆ. ಕಾದ ವಸ್ತುಗಳೆಲ್ಲ ಕಣ್ಣಿಗೆ ಕಾಣದ ಕಿರಣಗಳಲ್ಲಿ ಶಾಖವನ್ನು ಹೊರಸೂಸುತ್ತವೆ ಎಂಬ ಸರಳ ಸಂಗತಿ ಆ ಪದದ ಹಿಂದೆ ಮರೆಯಾಗುತ್ತದೆ. ಮೇ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೆ ರಾಯಚೂರು ಕೋಟೆಯ ಗೋಡೆಯ ಬದಿಗೆ ನಿಂತು ನೋಡಿ. ಗಾಳಿ ತುಸು ತಣಿದಿರುತ್ತದೆ, ಕಲ್ಲನ್ನು ನೀವು ಮುಟ್ಟಿರುವುದಿಲ್ಲ, ಆದರೂ ಕೆನ್ನೆಗೆ ಬಿಸಿ ತಾಗುತ್ತಿರುತ್ತದೆ. ನಡುವೆ ಒಂದು ರಟ್ಟು ಹಿಡಿದರೆ ಆ ಕ್ಷಣವೇ ನಿಲ್ಲುತ್ತದೆ; ತೆಗೆದರೆ ಮತ್ತೆ ತಾಗುತ್ತದೆ. ನಮ್ಮ ಕಡೆಯ ಹಿರಿಯರು ಇದನ್ನು ‘ಕಲ್ಲಿನ ಝಳ’ ಎನ್ನುತ್ತಾರೆ. ಒಲೆಯ ಮುಂದೆ ರೊಟ್ಟಿ ಬಡಿಯುವವರ ಮುಖಕ್ಕೆ ತಾಗುವುದೂ ಝಳವೇ. ಭೌತವಿಜ್ಞಾನದಲ್ಲಿ ಇದೇ ಅವಕೆಂಪು ವಿಕಿರಣ.

ಈ ಪದವನ್ನು ಒಪ್ಪಿಕೊಂಡರೆ ಇಡೀ ಪಾಠ ಹಗುರಾಗುತ್ತದೆ. ಸೂರ್ಯನ ಬೆಳಕಿನ ಹೆಚ್ಚಿನ ಪಾಲು ಗಾಳಿಯನ್ನು ದಾಟಿ ನೆಲ ಮುಟ್ಟುತ್ತದೆ. ಕಾದ ನೆಲ ಅದನ್ನು ಝಳವಾಗಿ ಮೇಲಕ್ಕೆ ಬಿಡುತ್ತದೆ. ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಾವಿ ಆ ಝಳವನ್ನು ಹೀರಿಕೊಂಡು ಒಂದಷ್ಟನ್ನು ಮತ್ತೆ ನೆಲದ ಕಡೆಗೇ ಸೂಸುತ್ತವೆ. 1859ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಪ್ರಯೋಗಾಲಯದಲ್ಲಿ ಅಳೆಯಲು ತೊಡಗಿದ್ದು ಇಂಥ ಹೀರುವಿಕೆಯನ್ನೇ. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಯೂನಿಸ್ ಫೂಟ್, ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಗುವುದನ್ನು ತೋರಿಸಿದ್ದರು. ಹೆಣ್ಣುಮಕ್ಕಳೇ ಹೆಚ್ಚಿರುವ ನನ್ನ ತರಗತಿಯಲ್ಲಿ ಆಕೆಯ ಹೆಸರನ್ನು ಬಿಡದೆ ಹೇಳುತ್ತೇನೆ.

ಆದರೆ ತೊಡಕೊಂದಿದೆ. ಮಧ್ಯಾಹ್ನ ಬಯಲಿನಿಂದ ಬೀಸುವ ಬಿಸಿಗಾಳಿಗೂ ‘ಝಳ ಬಡಿಯಿತು’ ಎನ್ನುತ್ತಾರೆ. ಅಲ್ಲಿ ಶಾಖವನ್ನು ಹೊತ್ತು ತರುವುದು ಗಾಳಿ. ಅದು ಸಂವಹನದ ಕಡೆಗೆ ಸೇರುತ್ತದೆ. ಎರಡನ್ನೂ ಬೇರ್ಪಡಿಸಿ ‘ಝಳ’ವನ್ನು ಕಿರಣಕ್ಕೆ ಮಾತ್ರ, ‘ಬಿಸಿಗಾಳಿ’ಯನ್ನು ಗಾಳಿಗೆ ಮಾತ್ರ ಎಂದು ಪಾಠದಲ್ಲಿ ಗೆರೆ ಎಳೆದರೆ ಜನರ ಬಳಕೆಗೆ ಅನ್ಯಾಯವಾಗುತ್ತದೆಯೇ? ಆಡುಮಾತಿನ ಪದಕ್ಕೆ ಶಾಸ್ತ್ರದಲ್ಲಿ ಅರ್ಥ ಕಿರಿದಾಗುವುದು ಹೊಸತೇನಲ್ಲ ಎಂಬುದು ನನ್ನ ವಾದ.

‘ಸಂವಹನ’ಕ್ಕಂತೂ ಈಗ ಮಾತುಕತೆ, ಸಂಪರ್ಕ ಎಂಬ ಅರ್ಥವೇ ಗಟ್ಟಿಯಾಗಿದೆ. ಹತ್ತಿ ಬಿಡಿಸಿ ಮುಗಿದ ಎರೆಹೊಲದಲ್ಲಿ ನಡುಹಗಲು ಸುಳಿಗಾಳಿ ಏಳುತ್ತದೆ: ಕಾದ ನೆಲದ ಗಾಳಿ ಹಗುರಾಗಿ ಮೇಲೇರುತ್ತದೆ, ಬದಿಯ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ತರಗೆಲೆಗಳು ಸುತ್ತುತ್ತಾ ಮರದೆತ್ತರಕ್ಕೆ ಹೋಗುತ್ತವೆ. ಸಮಭಾಜಕದ ಬಳಿ ಇದೇ ಏರಾಟ ಬಹುದೊಡ್ಡ ಪ್ರಮಾಣದಲ್ಲಿ ನಡೆದು, ಮೇಲೇರಿದ ಗಾಳಿ 30 ಡಿಗ್ರಿ ಅಕ್ಷಾಂಶದ ಸುಮಾರಿಗೆ ಕೆಳಗಿಳಿಯುತ್ತದೆ. ಇದಕ್ಕೆ ‘ಸುಳಿಹರಿವು’ ಎನ್ನಬಹುದೇ?

‘ಕಾವು’ ನನಗೆ ಇನ್ನೂ ಹೆಚ್ಚು ಹಿಡಿಸಿದ ಪದ. ಕೋಳಿ ಮೊಟ್ಟೆಗೆ ಕೊಡುವುದು ಕಾವು. ‘ಬಂಡೆಯ ಕಾವು ಇನ್ನೂ ಇಳಿದಿಲ್ಲ’ ಎನ್ನುತ್ತೇವೆ. ಒಳಗೆ ಕೂಡಿಟ್ಟ ಶಾಖ ಎಂಬ ಅರ್ಥ ಅದರಲ್ಲಿದೆ. ಹೆಚ್ಚುವರಿಯಾಗಿ ಸೇರುತ್ತಿರುವ ಶಾಖದ ಶೇ. 90ರಷ್ಟು ಪಾಲು ಕಡಲಿಗೆ ಹೋಗುತ್ತಿದೆ. ಕಡಲ ನೀರಿನ ತಾಪಮಾನ ಡಿಗ್ರಿಯ ಸಣ್ಣ ಭಾಗದಷ್ಟೇ ಏರಿದರೂ ಅದರೊಳಗೆ ಸೇರಿದ ಶಾಖ ಅಗಾಧ. ‘ತಾಪಮಾನ’ ಬೇರೆ, ‘ಕಾವು’ ಬೇರೆ ಎಂದು ಹೇಳಿಬಿಟ್ಟರೆ ಮಕ್ಕಳಿಗೆ ಬಹುಕಾಲದ ಗೊಂದಲ ತಪ್ಪುತ್ತದೆ. ‘ಧಗೆ’ಯನ್ನು ಮಳೆಗೆ ಮುಂಚಿನ, ಬೆವರು ಆರದ ಬೇಗೆಗೆ ಇಟ್ಟುಕೊಂಡಿದ್ದೇನೆ. ಇದರಲ್ಲಿ ಹೆಚ್ಚು ತಕರಾರು ಬರಲಿಕ್ಕಿಲ್ಲ.

ಇನ್ನು ‘ಹವಾಮಾನ ವೈಪರೀತ್ಯ’. ಈ ಪದದ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಅಕಾಲದಲ್ಲಿ ಆಲಿಕಲ್ಲು ಬಿದ್ದರೂ ವೈಪರೀತ್ಯ, ಮೆಣಸಿನಕಾಯಿಗೆ ರೋಗ ಬಂದರೂ ವೈಪರೀತ್ಯ, ನೂರು ವರ್ಷಗಳ ಬಿಸಿಯೇರಿಕೆಯೂ ವೈಪರೀತ್ಯ. ಕೇಳಿದವರಿಗೆ ಅದು ದೈವದ ಮುನಿಸಿನಂತೆ ಕೇಳಿಸುತ್ತದೆ, ಮಾಡಿದವರು ಯಾರೂ ಇಲ್ಲದಂತೆ. ಸಮಾಜವಿಜ್ಞಾನದ ಪಠ್ಯದಲ್ಲಿ ದಿನದಿನದ ಸ್ಥಿತಿಗೆ ‘ಹವಾಮಾನ’, ದೀರ್ಘಕಾಲದ ಸರಾಸರಿಗೆ ‘ವಾಯುಗುಣ’ ಎಂಬ ಒಳ್ಳೆಯ ವಿಂಗಡಣೆಯಿದೆ. ಅದನ್ನು ಕಲಿತ ಮಗುವಿಗೆ ‘ಹವಾಮಾನ ಬದಲಾವಣೆ’ ಎಂದರೆ ‘ದಿನವೂ ಬದಲಾಗುತ್ತದಲ್ಲ’ ಎನಿಸುವುದು ಸಹಜ. ‘ವಾಯುಗುಣ ಬದಲಾವಣೆ’ಯನ್ನೇ ಏಕೆ ರೂಢಿಗೆ ತರಬಾರದು?

ಪ್ರಕೃತಿಯ ಪಾಲನ್ನು ಅಲ್ಲಗಳೆಯುತ್ತಿಲ್ಲ. ಭೂಮಿಯ ಕಕ್ಷೆಯ ಆಕಾರ ಸುಮಾರು ಒಂದು ಲಕ್ಷ ವರ್ಷಗಳಲ್ಲಿ, ಅಕ್ಷದ ಓರೆ 41,000 ವರ್ಷಗಳಲ್ಲಿ ಹೆಚ್ಚುಕಡಿಮೆಯಾಗಿ ಹಿಮಯುಗಗಳು ಬಂದುಹೋಗಿವೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದಾಗ ಮೇಲೆ ಹರಡಿದ ಗಂಧಕದ ಕಣಗಳು ಬಿಸಿಲನ್ನು ತಡೆದು, ಭೂಮಿಯನ್ನು ಒಂದೆರಡು ವರ್ಷ ಅರ್ಧ ಡಿಗ್ರಿಯಷ್ಟು ತಂಪಾಗಿಸಿದವು. ಪೆಸಿಫಿಕ್ ಕಡಲಿನ ಮೇಲ್ನೀರನ್ನು ಆಗಾಗ ಬಿಸಿಯಾಗಿಸುವ ಎಲ್ ನಿನೊ ಬರುತ್ತದೆ, ಹೋಗುತ್ತದೆ. ಆದರೆ ಈಗಿನ ಏರಿಕೆಯ ಗುರುತು ಬೇರೆ. ಸೂರ್ಯನೇ ಕಾರಣನಾಗಿದ್ದರೆ ವಾತಾವರಣದ ಮೇಲಣ ಪದರವಾದ ಸ್ತರಗೋಲವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 3.7 ಕಿಲೋ ಡೈಆಕ್ಸೈಡ್ ಆಗುತ್ತದೆ ಎಂದು ಲೆಕ್ಕ ಹಾಕಿಸಿದರೆ, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಕಡೆಗೆ ಹೋಗುವ ಕಲ್ಲಿದ್ದಲ ಗೂಡ್ಸ್ ರೈಲನ್ನು ಮಕ್ಕಳು ಬೇರೆ ಕಣ್ಣಿನಿಂದ ನೋಡುತ್ತಾರೆ. ಬಳ್ಳಾರಿ ಸೀಮೆಯ ಅದಿರನ್ನು ಕಬ್ಬಿಣವಾಗಿಸುವ ಊದುಕುಲುಮೆಯಲ್ಲಿ ಕೋಕ್ (ಕಲ್ಲಿದ್ದಲನ್ನು ಸುಟ್ಟು ಮಾಡಿದ ಇಂಗಾಲ) ಉರುವಲೂ ಹೌದು, ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಅದೇ. ಸಿಂಧನೂರು, ಗಂಗಾವತಿಯ ನೀರು ನಿಂತ ಭತ್ತದ ಗದ್ದೆಗಳಿಂದ ಮೀಥೇನ್ ಏಳುತ್ತದೆ. ಹೊಟ್ಟೆಗೆ ಅನ್ನ ಬೆಳೆಯುವವರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಲಾರೆ, ಹಾಗೆಂದು ಈ ಮಾತನ್ನು ಪುಸ್ತಕದಿಂದ ಬಿಡಲಾರೆ.

ಆದ್ದರಿಂದ ಮನುಷ್ಯರ ಕೈವಾಡವನ್ನು ಹೇಳುವ ವಿಶೇಷಣವೊಂದು ಬೇಕು. ‘ಮಾನವನಿರ್ಮಿತ’ ಎನ್ನುವುದು ಸೇತುವೆಗೋ ಕೆರೆಗೋ ಒಪ್ಪುತ್ತದೆ. ಬಯಸಿ ಕಟ್ಟಿದ್ದೆಂಬ ಧ್ವನಿ ಅದರಲ್ಲಿದೆ. ‘ಮಾನವಪ್ರೇರಿತ’ ಎಂದರೆ ಕುಮ್ಮಕ್ಕು ಕೊಟ್ಟಂತೆ. ‘ಮಾನವಜನ್ಯ’ ಸರಿಯಾಗಿದೆ, ಆದರೆ ಎಂಟನೆಯ ತರಗತಿಯವರ ನಾಲಿಗೆಗೆ ಭಾರ. ‘ಮನುಷ್ಯರಿಂದಾದ ಬಿಸಿಯೇರಿಕೆ’ ಎಂದು ಬಿಡಿಸಿ ಬರೆದರೆ ಸಾಕೇ?

ಕೊಪ್ಪಳ, ಬಳ್ಳಾರಿಯವರು ನಿಮ್ಮೂರಲ್ಲಿ ಝಳ, ಕಾವು, ಧಗೆಗಳನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಒಂದೊಂದು ವಾಕ್ಯದ ಸಮೇತ ತಿಳಿಸಿ. ಕರಾವಳಿ, ಮಲೆನಾಡಿನವರಿಗೆ ‘ಝಳ’ ಎಂದೊಡನೆ ಮನಸ್ಸಿಗೆ ಬರುವುದು ಬಿಸಿಲೋ, ಗಾಳಿಯೋ, ಬೆಂಕಿಯೋ?