168 ಸೆಂಟಿಮೀಟರ್ ಎತ್ತರಕ್ಕೆ ಸರಿಯಾದ ತೂಕ ಎಷ್ಟು? ಮೂರು ಕಡೆ ಮೂರು ಲೆಕ್ಕ ಹೇಳುತ್ತಿದ್ದಾರೆ

ಗೋಕುಲ ರೋಡ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು. ವಯಸ್ಸು 44, ಎತ್ತರ 168 ಸೆಂಟಿಮೀಟರ್, ತೂಕ 74 ಕೆಜಿ. ದಿನವಿಡೀ ಕೂತು ಮಾಡುವ ಕೆಲಸ. ಮೊನ್ನೆ ಆಫೀಸಿನಲ್ಲಿ ಆರೋಗ್ಯ ತಪಾಸಣೆ ಇತ್ತು. ಅಲ್ಲಿ ಒಂದು ಚಾರ್ಟ್ ನೋಡಿ, ನಿಮ್ಮ ತೂಕ 65ರ ಒಳಗೆ ಇರಬೇಕು ಅಂದರು, ಚೀಟಿಯಲ್ಲಿ ಬೊಜ್ಜು ಅಂತ ಬರೆದೇ ಬಿಟ್ಟರು. ಮೊಬೈಲ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ 70ರವರೆಗೂ ಸರಿ ಎನ್ನುತ್ತದೆ. ನಮ್ಮ ಮಾವನವರದು ಇನ್ನೊಂದು ಲೆಕ್ಕ. ಎತ್ತರದಲ್ಲಿ ನೂರು ಕಳೆದರೆ 68, ಅಷ್ಟೇ ನಿನ್ನ ತೂಕ ಅಂತಾರೆ. ಯಾವುದನ್ನು ನಂಬಬೇಕು? ಫಾಸ್ಟಿಂಗ್ ಶುಗರ್ 108 ಬಂದಿದೆ, ಗಡಿಯಲ್ಲಿದೆ ಅಂದರು. ಪ್ಯಾಂಟ್ ಸೈಜ್ 34, ಹಾಗಾಗಿ ಹೊಟ್ಟೆ ಅಂಥಾ ದೊಡ್ಡದಿಲ್ಲ ಅಂದುಕೊಂಡಿದ್ದೇನೆ.

ಇನ್ನೊಂದು ವಿಷಯ. ನಮ್ಮ ಅವ್ವ ಗದಗಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. 68 ವಯಸ್ಸು, 150 ಸೆಂಟಿಮೀಟರ್ ಎತ್ತರ. ಹೋದ ದೀಪಾವಳಿಗೆ 50 ಕೆಜಿ ಇದ್ದರು, ಈಗ 46. ಆ್ಯಪ್ ಅವರಿಗೆ ಹಸಿರು ಬಣ್ಣ ತೋರಿಸುತ್ತದೆ, ಎಲ್ಲ ಸರಿ ಇದೆಯಂತೆ. ಮನೆಯವರೂ ಸಣ್ಣಗಾದರೆ ಒಳ್ಳೆಯದೇ ಅಲ್ವಾ ಅಂತಾರೆ. ನನಗೆ ಯಾಕೋ ಸಮಾಧಾನ ಇಲ್ಲ.

ಸಪ್ತಾಪುರ ಸಿಸ್ಟರ್

ನಾನು ಧಾರವಾಡದಲ್ಲಿ ನರ್ಸ್. ಈ ಮೂರು ಲೆಕ್ಕದ ಗೊಂದಲ ನಮ್ಮ ಹತ್ತಿರ ಬರುವವರಿಗೆಲ್ಲ ಇದ್ದದ್ದೇ. ಯಾವುದು ಎಲ್ಲಿಂದ ಬಂತು ಅಂತ ನೋಡೋಣ.

ಆ್ಯಪ್ ಮತ್ತು ಚಾರ್ಟ್ ಎರಡೂ ಮಾಡುವುದು ಬಿಎಂಐ ಲೆಕ್ಕವನ್ನೇ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ನಿಮ್ಮದು 74 ಭಾಗ 1.68, ಮತ್ತೆ ಭಾಗ 1.68. ಸುಮಾರು 26.2 ಬರುತ್ತದೆ. ವ್ಯತ್ಯಾಸ ಇರುವುದು ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಲ್ಲಿ 18.5ರಿಂದ 25ರ ಒಳಗೆ ಇದ್ದರೆ ಸರಿ. ನಿಮ್ಮ ಎತ್ತರಕ್ಕೆ ಅದು 52ರಿಂದ 70 ಕೆಜಿ. ಆ್ಯಪ್ ಹೇಳಿದ್ದು ಇದನ್ನೇ. ಆದರೆ ಏಷ್ಯಾದವರಿಗೆ ಅಪಾಯ 23ರಿಂದಲೇ ಏರುತ್ತದೆ ಅಂತ ಅದೇ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. 2009ರಲ್ಲಿ ನಮ್ಮ ದೇಶದ ವೈದ್ಯರೂ ಸೇರಿ, ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಗೊತ್ತುಮಾಡಿದರು. 23ಕ್ಕೆ ನಿಮ್ಮ ತೂಕ 65 ಆಗುತ್ತದೆ. ಅಂದರೆ ಆಫೀಸಿಗೆ ಬಂದವರು ಹಿಡಿದಿದ್ದು ನಮ್ಮ ಅಳತೆ. ಶುಗರ್ ಗಡಿಯಲ್ಲಿದೆ ಅಂತೀರಿ, ಹಾಗಾಗಿ ನೀವೂ ಅದನ್ನೇ ಹಿಡಿಯಿರಿ.

ಮಾವನವರದು ಹಳೇ ಲೆಕ್ಕ. ಬ್ರೋಕಾ ಅನ್ನುವ ಫ್ರೆಂಚ್ ವೈದ್ಯನ ಹೆಸರಿನಲ್ಲಿದೆ. ಬಾಯಿಲೆಕ್ಕಕ್ಕೆ ಸುಲಭ, ಆದರೆ ಎತ್ತರ ಇದ್ದವರಿಗೆ ಜಾಸ್ತಿ ಬಿಟ್ಟುಕೊಡುತ್ತದೆ. 180 ಸೆಂಟಿಮೀಟರ್ ಇದ್ದವರಿಗೆ 80 ಕೆಜಿ ಸರಿ ಅನ್ನುತ್ತದೆ, ಆಗ ಬಿಎಂಐ 24.7. ನಮ್ಮ ಗೆರೆಯಲ್ಲಿ ಅದು ಆಗಲೇ ಹೆಚ್ಚು ತೂಕ.

ಈಗ ಮುಖ್ಯ ಮಾತು. ಪ್ಯಾಂಟ್ ಸೈಜನ್ನು ದಯವಿಟ್ಟು ಹೊಟ್ಟೆಯ ಅಳತೆ ಅಂದುಕೊಳ್ಳಬೇಡಿ. ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹೊಟ್ಟೆ ಅದರ ಮೇಲೆ ಕೂತಿರುತ್ತದೆ. ಟೇಲರ್ ಟೇಪ್ ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆ ಎಲ್ಲಿದೆ, ಸೊಂಟದ ಮೂಳೆಯ ಮೇಲಂಚು ಎಲ್ಲಿದೆ ಅಂತ ಬೆರಳಿನಿಂದ ನೋಡಿ, ಎರಡರ ನಡುವೆ ಟೇಪ್ ಸುತ್ತಿ. ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು, ಅಂಗಿಯ ಮೇಲೆ ಅಳೆಯಬಾರದು. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಇನ್ನೂ ಸುಲಭ ಬೇಕಾದರೆ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ, ನಿಮಗೆ 84. ಅಳೆದು ಇಲ್ಲಿ ಹೇಳಿ.

ಬೆಟಗೇರಿ ಮಾಸ್ತರ

ಸಿಸ್ಟರ್ ಹೇಳಿದ ಟೇಪ್ ಮಾತಿಗೆ ನಾನೇ ಸಾಕ್ಷಿ. ನನ್ನ ಎತ್ತರ 170, ತೂಕ 61. ಬಿಎಂಐ 21 ಅಷ್ಟೇ, ಯಾವ ಚಾರ್ಟ್ ನೋಡಿದರೂ ಪಾಸ್. ಎಲ್ಲರೂ ಮಾಸ್ತರ್ ಕಡ್ಡಿ ಹಂಗೆ ಇದ್ದಾರೆ ಅಂತಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಸುತ್ತಳತೆ 93. ಶುಗರ್ ಶುರುವಾಗಿ ಗುಳಿಗೆ ನಡೆದಿದೆ.

ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅಂತ ಸಂಶೋಧಕರಿದ್ದಾರೆ. ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೂ ಪಕ್ಕಪಕ್ಕ ನಿಂತ ಫೋಟೊ ಒಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿನ ಕೊಬ್ಬು ಅಳೆದರೆ ಆ ಇಂಗ್ಲಿಷರಿಗೆ ನೂರಕ್ಕೆ 9.1, ನಮ್ಮವರಿಗೆ 21.2! ನೋಡಲು ಇಬ್ಬರೂ ತೆಳ್ಳಗೇ. ನಮ್ಮ ಶಾಲೆಯಲ್ಲಿ ತೂಕದ ಮಾತು ಬಂದಾಗಲೆಲ್ಲ ಇದನ್ನು ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಸಣ್ಣಗೆ ಇದ್ದವರು ಶುಗರ್ ಟೆಸ್ಟ್ ಮಾಡಿಸುವುದೇ ಇಲ್ಲ, ಅದೆಲ್ಲ ದಪ್ಪ ಇದ್ದವರ ರೋಗ ಅಂದುಕೊಂಡಿರುತ್ತಾರೆ.

ಹಾವೇರಿ ಗರಡಿ

ಬಿಎಂಐ ಉಲ್ಟಾ ಹೊಡೆಯುವ ಜಾಗವೂ ಇದೆ. ನಮ್ಮ ಕಡೆ ಕುಸ್ತಿ ಆಡುವ ಹುಡುಗರನ್ನು ನೋಡಿ. 170 ಎತ್ತರ, 84 ಕೆಜಿ, ಬಿಎಂಐ 29. ಚಾರ್ಟ್ ಪ್ರಕಾರ ಬೊಜ್ಜು. ಆದರೆ ಅದೆಲ್ಲ ತೊಡೆ, ಭುಜ, ಬೆನ್ನು, ಸೊಂಟ ಗಟ್ಟಿ. ತಕ್ಕಡಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಹಾಗಂತ ಕುಸ್ತಿ ಬಿಟ್ಟವರು ನಂದು ಪೈಲ್ವಾನ್ ಮೈ ಅಂತ ಧೈರ್ಯವಾಗಿ ಇರಬಾರದು. ವ್ಯಾಯಾಮ ನಿಂತರೂ ಊಟ ಹಳೇ ಅಳತೆಯಲ್ಲೇ ನಡೆದಿರುತ್ತದೆ, ತೂಕ ಅಷ್ಟೇ ಇದ್ದರೂ ಒಳಗೆ ಮಾಂಸಖಂಡ ಕರಗಿ ಕೊಬ್ಬು ಕೂರುತ್ತದೆ. ಅವರಿಗೂ ಟೇಪೇ ಬೇಕು.

ಮುಳಗುಂದ ನಾಕಾ

ಎಲ್ಲರೂ ಮಗನ ಹೊಟ್ಟೆ ಅಳೆಯುತ್ತಿದ್ದೀರಿ, ಅವ್ವನ ವಿಷಯ ಯಾರೂ ಎತ್ತಲಿಲ್ಲ. ನನಗೆ ಇದರಲ್ಲಿ ಅದೇ ಅವಸರದ ಮಾತು ಅನ್ನಿಸುತ್ತದೆ.

46 ಕೆಜಿ, 150 ಸೆಂಟಿಮೀಟರ್ ಅಂದರೆ ಬಿಎಂಐ 20.4. ಅದಕ್ಕೇ ಆ್ಯಪ್ ಹಸಿರು ತೋರಿಸುತ್ತದೆ. ಆ್ಯಪ್‌ಗೆ ಗೊತ್ತಿರುವುದು ಇವತ್ತಿನ ತೂಕ ಮಾತ್ರ, ದೀಪಾವಳಿಯದು ಗೊತ್ತಿಲ್ಲ. 50ರಿಂದ 46 ಅಂದರೆ ನೂರಕ್ಕೆ 8 ಇಳಿದಂತಾಯಿತು. ಅವರು ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿ ಇಳಿಸಿದ್ದರೆ ಬೇರೆ ಮಾತು. ಏನೂ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಕಾರಣ ಸಣ್ಣದೂ ಇರಬಹುದು, ಹಲ್ಲು ನೋವು, ಕಟ್ಟಿಸಿದ ಹಲ್ಲು ಕೂರದೆ ರೊಟ್ಟಿ ಅಗಿಯಲು ಆಗದೆ ಸುಮ್ನೆ ಗಂಜಿ ಕುಡಿದುಕೊಂಡಿರುವುದು, ಇಲ್ಲಾ ಮನಸ್ಸಿಗೆ ಬೇಸರವಾಗಿ ಊಟ ಸೇರದಿರುವುದು. ಥೈರಾಯ್ಡ್, ಹತೋಟಿಯಲ್ಲಿಲ್ಲದ ಶುಗರ್, ಟಿಬಿ, ಕ್ಯಾನ್ಸರ್ ಕೂಡ ಇರಬಹುದು. ಹೆದರಿಸಲು ಹೇಳುತ್ತಿಲ್ಲ. ಬೇಗ ತೋರಿಸಿದರೆ ಬೇಗ ಗೊತ್ತಾಗುತ್ತದೆ.

ವಯಸ್ಸಾದವರು ಸಣ್ಣಗಾದಾಗ ಹೋಗುವುದು ಕೊಬ್ಬು ಮಾತ್ರ ಅಲ್ಲ, ಕಾಲಿನ ಶಕ್ತಿಯೂ ಹೋಗುತ್ತದೆ. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ ನೋಡಿ. ಮೊದಲು ಏಳುತ್ತಿದ್ದವರು ಈಗ ಏಳದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗೋಕುಲ ರೋಡ್ ನಿವಾಸಿ

ತುಂಬಾ ಉಪಕಾರವಾಯಿತು. ಸಿಸ್ಟರ್ ಹೇಳಿದಂತೆ ಹೆಂಡತಿ ಅಳೆದಳು. 97 ಸೆಂಟಿಮೀಟರ್! 34 ಇಂಚು ಅಂದರೆ 86 ಆಗಬೇಕಿತ್ತಲ್ಲ. ಈಗ 65ಕ್ಕೆ ಬರಬೇಕು ಅಂದರೆ 9 ಕೆಜಿ ಇಳಿಸಬೇಕು. ಊಟ ಬಿಟ್ಟು ಬೇಗ ಇಳಿಸಿಬಿಡಲೇ? ರೊಟ್ಟಿ ಬಿಡಬೇಕಾ? ತಮ್ಮನಿಗೆ ಫೋನ್ ಮಾಡಿದೆ, ಅವ್ವ ಊಟ ತೀರಾ ಕಡಿಮೆ ಮಾಡಿದ್ದಾರಂತೆ. ಸೋಮವಾರ ತೋರಿಸುತ್ತೇವೆ.

ಸಪ್ತಾಪುರ ಸಿಸ್ಟರ್

ಊಟ ಬಿಡಬೇಡಿ. 65 ದೂರದ ಊರು, ಸದ್ಯ ಅದನ್ನು ಮರೆತುಬಿಡಿ. ಮೊದಲು 70ಕ್ಕೆ ಬನ್ನಿ. ನೂರಕ್ಕೆ 5ರಷ್ಟು ಇಳಿದರೂ ಶುಗರ್ ಮತ್ತು ಬಿಪಿಯಲ್ಲಿ ಫರಕು ಕಾಣುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ಉಪವಾಸ ಮಾಡಿ ಇಳಿಸಿದರೆ ಮಾಂಸಖಂಡವೂ ಕರಗುತ್ತದೆ, ಆಮೇಲೆ ತೂಕ ತಿರುಗಿ ಬರುವಾಗ ಹೆಚ್ಚಿನದು ಕೊಬ್ಬಾಗಿ ಬರುತ್ತದೆ.

ತಕ್ಕಡಿಯಲ್ಲಿ ತೂಕ ಇಳಿಯದಿದ್ದರೂ ನಡಿಗೆ ಬಿಡಬೇಡಿ. ಚೆನ್ನೈಯ ಸಂಶೋಧಕರು ಶುಗರ್ ಗಡಿಯಲ್ಲಿದ್ದ ಭಾರತೀಯರ ಮೇಲೆ ಮೂರು ವರ್ಷ ನಡೆಸಿದ ಅಧ್ಯಯನ 2006ರಲ್ಲಿ ಬಂತು. ಊಟ ತಿದ್ದಿಕೊಂಡು ನಡೆದಾಡಿದವರಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವುದು ನೂರಕ್ಕೆ 28ರಷ್ಟು ಕಡಿಮೆಯಾಗಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ರೊಟ್ಟಿ ತಪ್ಪಲ್ಲ. ಜೋಳದ ರೊಟ್ಟಿ, ಪಲ್ಯ, ಕಾಳು, ಮೊಸರು ಒಳ್ಳೆಯ ಊಟವೇ. ಮೂರು ರೊಟ್ಟಿ ಆದಮೇಲೆ ಮತ್ತೆ ತಟ್ಟೆ ತುಂಬ ಅನ್ನ ಹಾಕಿಕೊಳ್ಳುತ್ತೇವಲ್ಲ, ಅಲ್ಲಿ ಕೈ ಹಿಡಿಯಿರಿ. ಸಂಜೆಯ ಗಿರಮಿಟ್ಟು ಮಿರ್ಚಿ ವಾರಕ್ಕೊಮ್ಮೆ ಸಾಕು. ಆಫೀಸಿನಲ್ಲಿ ಎಷ್ಟು ಸಲ ಸಕ್ಕರೆ ಚಹಾ ಕುಡಿಯುತ್ತೀರಿ ಅಂತ ಒಂದು ದಿನ ಲೆಕ್ಕ ಹಾಕಿ. ಉಣಕಲ್ ಕೆರೆ ಸುತ್ತ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ.

ತೂಕ ದಿನಾ ನೋಡಬೇಡಿ. ಉಪ್ಪು, ನೀರಿನಿಂದಲೇ ಒಂದೆರಡು ಕೆಜಿ ಮೇಲೆ ಕೆಳಗೆ ಆಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಒಂದೇ ಮಷೀನ್. ಸುತ್ತಳತೆ ತಿಂಗಳಿಗೊಮ್ಮೆ. ಶುಗರ್ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ವರದಿಯನ್ನು ಡಾಕ್ಟರಿಗೆ ತೋರಿಸಿ.

ಸೋಮವಾರ ಅವ್ವನ ಜೊತೆ ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಗುಳಿಗೆಗಳನ್ನೂ ಒಯ್ಯಿರಿ. ಕೆಲವು ಗುಳಿಗೆಯಿಂದಲೂ ಹಸಿವು ಹೋಗುತ್ತದೆ. ಹಳೇ ತೂಕ ಬರೆದ ಚೀಟಿ ಇದ್ದರೆ ಅದನ್ನೂ ತೋರಿಸಿ. ಎಷ್ಟು ದಿನದಲ್ಲಿ ಎಷ್ಟು ಇಳಿದಿದೆ ಅನ್ನುವುದನ್ನೇ ಡಾಕ್ಟರ್ ಮೊದಲು ಕೇಳುತ್ತಾರೆ.