ಅಪ್‌ಡೇಟ್: ಹೋಲ್ಬೈನ್ ಬರೆದ ಸಂತ ಜಾನ್ ಫಿಶರ್ ಚಿತ್ರ

ಇಂಗ್ಲೆಂಡಿನ ವಿಂಡ್ಸರ್‌ನಲ್ಲಿರೋ ರಾಯಲ್ ಕಲೆಕ್ಷನ್‌ನ (ರಾಜಮನೆತನದ ಕಲಾಸಂಗ್ರಹ), ಜರ್ಮನ್ ಕಲಾವಿದ ಹೋಲ್ಬೈನ್ ಬರೆದ ಈ ಚಿತ್ರದಲ್ಲಿ ಸಂತನ ಗುರುತೇ ಇಲ್ವಲ್ಲ, ಪ್ರಭಾವಳಿ ಇಲ್ಲ, ಪೋಪ್ ನಂತರದ ಹಿರಿಯ ಕ್ಯಾಥೊಲಿಕ್ ಪಾದ್ರಿ ಅಂದ್ರೆ ಕಾರ್ಡಿನಲ್‌ ಕೆಂಪು ಟೋಪಿನೂ ಇಲ್ಲ, ಯಾಕೆ ಅಂತ ಕೇಳಿದ್ದೆ ಅಲ್ವಾ, ಉತ್ತರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್. ನೀವು ಹೇಳಿದ್ಮೇಲೆ ಝೂಮ್ ಮಾಡಿ ನಿಧಾನವಾಗಿ ನೋಡ್ದೆ.

ಚಿತ್ರ ಯಾವಾಗಿನದು ಅನ್ನೋದಕ್ಕೆ ಮುಖ್ಯ ಸುಳಿವು ಪೇಪರ್‌ದೇ. ತೆಳು ಗುಲಾಬಿ ಬಣ್ಣ ಬಳಿದ ಪೇಪರ್ ಮೇಲೆ ಚಾಕ್‌ನಲ್ಲಿ ಬರ್ದಿದಾನೆ, ಹೋಲ್ಬೈನ್ ಹೀಗೆ ಮಾಡೋಕೆ ಶುರು ಮಾಡಿದ್ದು 1532ರಲ್ಲಿ ಎರಡನೇ ಸಲ ಇಂಗ್ಲೆಂಡಿಗೆ ಬಂದ್ಮೇಲೆ, ಫಿಶರ್‌ನ ಟವರ್ ಆಫ್ ಲಂಡನ್ ಜೈಲಿಗೆ ಹಾಕಿದ್ದು 1534ರ ಏಪ್ರಿಲ್‌ನಲ್ಲಿ, ಹಾಗಾಗಿ ಇದು ಆ ನಡುವಿನ ಚಿತ್ರ ಅನ್ನೋದು ನಂಗೆ ಸರಿ ಅನ್ಸುತ್ತೆ. ಕಾರ್ಡಿನಲ್ ಆಗಿದ್ದು 1535ರ ಮೇನಲ್ಲಿ, ಆಗ ಅವ್ರು ಜೈಲಲ್ಲೇ ಇದ್ರು, ಜೂನ್ 22ಕ್ಕೆ ತಲೆ ಕಡಿದ್ರು. ಸಂತ ಅಂತ ಘೋಷಿಸಿದ್ದು 1935ರಲ್ಲಿ, ರಾಜ ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಮೋರ್ ಜೊತೆ. ಅಂದ್ರೆ ಹೋಲ್ಬೈನ್ ಎದುರಿಗೆ ಕೂತಿದ್ದು ರೋಚೆಸ್ಟರ್‌ನ ಬಿಷಪ್, ಅರವತ್ತು ದಾಟಿದ ಮುದುಕರು ಅಷ್ಟೇ.

ಚಿತ್ರದ ಕೆಳಗಿರೋ ಇಟಾಲಿಯನ್ ಸಾಲಲ್ಲಿ 1535ರಲ್ಲಿ ತಲೆ ಕಡಿದ ವಿಷಯ ಇದೆ, ಅದು ಆಮೇಲೆ ಬರ್ದಿದ್ದು, ಅದನ್ನ ಓದಿ ಮುಖದಲ್ಲಿ ಸಾವಿನ ಭಯ ಹುಡುಕೋದು ಬೇಡ ಅಂತ ಒಬ್ರು ಹೇಳಿದ್ರಲ್ಲ, ಆ ಮಾತು ತುಂಬಾ ಹಿಡಿಸ್ತು. ಅದನ್ನ ಬಿಟ್ಟು ನೋಡಿದ್ರೆ ಗುಳಿಬಿದ್ದ ಕೆನ್ನೆ, ಬಿಗಿದ ತುಟಿ, ದಣಿದ ಕಣ್ಣು, ಬಟ್ಟೆಗೆ ಮಾತ್ರ ನಾಲ್ಕೇ ಗೀಟು. ರಾಜ ಹೆನ್ರಿಯ ಡಿವೋರ್ಸ್‌ನ ಬಹಿರಂಗವಾಗಿ ವಿರೋಧಿಸಿದ್ದ ಮನುಷ್ಯ ಇವ್ರೇ ಅಂತ ನಂಬೋಕೆ ನಂಗೆ ಈ ಮುಖನೇ ಸಾಕು.

ಈಗ ಹೋಲ್ಬೈನ್ ಬರೆದ ಮೋರ್ ಚಿತ್ರ ನೋಡ್ತಿದೀನಿ, ಅದ್ರ ಗೆರೆಗಳುದ್ದಕ್ಕೂ ಪೇಂಟಿಂಗ್‌ಗೆ ಇಳಿಸೋಕೆ ಚುಚ್ಚಿದ ಸೂಜಿ ತೂತುಗಳಿವೆ.